ಬೋಂಡಾ ಕರಿದ ಎಣ್ಣೆಯಲ್ಲಿ ದೆಹಲಿ ಎಷ್ಟು ದೂರ?

ನಮ್ಮ ಬೀದಿಯ ಕೊನೆಯಲ್ಲಿ ಒಂದು ಬಜ್ಜಿ-ಬೋಂಡಾ ಅಂಗಡಿ ಇದೆ. ಸಂಜೆ ಐದರಿಂದ ಒಂಬತ್ತರವರೆಗೆ ಅದರ ಮುಂದೆ ನಿಲ್ಲೋಕೂ ಜಾಗ ಇರಲ್ಲ. ಆಫೀಸ್ ಕ್ಯಾಬ್ ಇಳಿದು, ಒಂದು ಪ್ಲೇಟ್ ಮೆಣಸಿನಕಾಯಿ ಬಜ್ಜಿ ತಿಂದು ಮನೆಗೆ ನಡೆಯುವುದು ನನ್ನ ಮೂರು ವರ್ಷದ ಅಭ್ಯಾಸ. (ಕೊಲೆಸ್ಟ್ರಾಲ್ ರಿಪೋರ್ಟ್ ಬಗ್ಗೆ ದಯವಿಟ್ಟು ಕೇಳಬೇಡಿ.) ಹೋದ ತಿಂಗಳು ಒಂದು ಸಂಜೆ ಬಾಣಲೆಯ ಪಕ್ಕದಲ್ಲಿ ಹದಿನೈದು ಲೀಟರಿನ ಟಿನ್ನೊಂದು ಕಂಡಿತು. ಒಳಗೆ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾದ ಎಣ್ಣೆ.

"ಇದನ್ನ ಏನ್ ಮಾಡ್ತೀರಿ ಯಜಮಾನ್ರೇ?" ಅಂದೆ.

"ಕಂಪನಿಯವರು ಬಂದು ತಗೊಂಡ್ ಹೋಗ್ತಾರೆ ಸಾರ್. ಇದ್ರಲ್ಲಿ ಏರೋಪ್ಲೇನ್ ಓಡಿಸ್ತಾರಂತೆ!"

ಸುತ್ತ ನಿಂತವರೆಲ್ಲ ನಕ್ಕರು. ಅವರೂ ನಕ್ಕರು. ಗಿರಾಕಿಗಳು ಸ್ವಲ್ಪ ಕರಗಿದ ಮೇಲೆ, ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಬಡಿಯುತ್ತಾ ಇನ್ನೊಂದು ಮಾತು ಹೇಳಿದರು: "ಆಚೆ ರಸ್ತೆ ಗಾಡಿಯವನು ಕಂಪನಿಯವರಿಗಿಂತ ಜಾಸ್ತಿ ಕೊಡ್ತೀನಿ ಅಂತಾನೆ ಸಾರ್. ಅವನಿಗೆ ಕೊಟ್ರೆ ಇನ್ನೊಂದು ಬಾಣಲೆಗೆ ಹೋಗುತ್ತೆ, ಅಷ್ಟೆ."

ಅಂದರೆ ಆ ಒಂದು ಟಿನ್ನಿಗೆ ಇಬ್ಬರು ಗಿರಾಕಿ. ಒಬ್ಬ ವಿಮಾನದವನು, ಇನ್ನೊಬ್ಬ ತಳ್ಳುಗಾಡಿಯವನು. ಮನೆಗೆ ಬಂದು ಓದಲು ಕೂತೆ. ಆಫೀಸಿನ ಕೆಲಸಕ್ಕೆ ಅಂತ ವರ್ಷಕ್ಕೆ ಎಂಟು ಹತ್ತು ಸಲ ದೆಹಲಿ, ಪುಣೆ ಅಂತ ಹಾರುವವನು ನಾನು. ಟಿಕೆಟ್ ಬುಕ್ ಮಾಡುವಾಗ 'ಹಸಿರು ಪ್ರಯಾಣ' ಅನ್ನೋ ಡಬ್ಬಿಗೆ ಟಿಕ್ ಹಾಕಿ ಸಮಾಧಾನ ಮಾಡಿಕೊಂಡಿದ್ದೂ ಉಂಟು. ಆ ಟಿಕ್‌ಗೂ ಈ ಟಿನ್ನಿಗೂ ಸಂಬಂಧ ಇದೆಯಾ ಅಂತ ನೋಡಬೇಕಿತ್ತು.

ಸ್ಕೂಟರ್ ಸರಿ, ವಿಮಾನ ಯಾಕಿಲ್ಲ?

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ಸ್ಕೂಟರ್ ಕರೆಂಟಿನಲ್ಲಿ ಓಡುತ್ತೆ, ಬಿಎಂಟಿಸಿ ಬಸ್ಸೂ ಓಡುತ್ತೆ. ವಿಮಾನಕ್ಕೆ ಮಾತ್ರ ಯಾಕೆ ಎಣ್ಣೆಯೇ ಬೇಕು?

ಒಂದು ಲೆಕ್ಕ ಮಾಡೋಣ. ಬೆಂಗಳೂರಿಂದ ದೆಹಲಿಗೆ ಸುಮಾರು 1,700 ಕಿಲೋಮೀಟರ್. ನಾವೆಲ್ಲ ಹತ್ತುವ ಏರ್‌ಬಸ್ ಎ320 ಜಾತಿಯ ವಿಮಾನ ಈ ದಾರಿಗೆ ಹೆಚ್ಚೂಕಡಿಮೆ ಐದೂವರೆ ಟನ್ ಇಂಧನ ಕುಡಿಯುತ್ತದೆ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ. ಇವತ್ತಿನ ಒಳ್ಳೆಯ ಲಿಥಿಯಂ ಬ್ಯಾಟರಿಯ ಒಂದು ಕಿಲೋದಲ್ಲಿ ಸುಮಾರು ಕಾಲು ಯೂನಿಟ್. ಮೋಟಾರು ಜೆಟ್ ಎಂಜಿನ್‌ಗಿಂತ ಎರಡು ಪಟ್ಟಿಗೂ ಹೆಚ್ಚು ದಕ್ಷ ಅಂತ ಉದಾರವಾಗಿ ರಿಯಾಯಿತಿ ಕೊಟ್ಟರೂ, ದೆಹಲಿಗೆ ಬೇಕಾಗುವ ಬ್ಯಾಟರಿಯ ತೂಕವೇ 100 ಟನ್ ದಾಟುತ್ತದೆ. ಎ320 ನಿಯೋ ವಿಮಾನ ಜನ, ಲಗೇಜು, ಇಂಧನ ಎಲ್ಲ ಸೇರಿ ಮೇಲೇಳಬಹುದಾದ ಗರಿಷ್ಠ ತೂಕವೇ 79 ಟನ್! ಮೇಲಾಗಿ ಎಣ್ಣೆ ಉರಿದಂತೆ ವಿಮಾನ ಹಗುರಾಗುತ್ತಾ ಹೋಗುತ್ತದೆ. ಬ್ಯಾಟರಿ ಖಾಲಿಯಾದರೂ ತೂಕ ಅಷ್ಟೇ.

ಹಾಗಾಗಿ ಇವತ್ತಿರುವ ವಿಮಾನ, ಇವತ್ತಿರುವ ಎಂಜಿನ್, ಇವತ್ತಿರುವ ಪೈಪ್‌ಲೈನ್ ಯಾವುದನ್ನೂ ಬದಲಿಸದೆ, ಒಳಗೆ ಸುರಿಯುವ ಎಣ್ಣೆಯ ಮೂಲವನ್ನಷ್ಟೇ ಬದಲಿಸುವುದು ಸದ್ಯಕ್ಕೆ ಇರುವ ದಾರಿ. ಇದಕ್ಕೆ 'ಸುಸ್ಥಿರ ವಿಮಾನ ಇಂಧನ' ಅಂತ ಹೆಸರು. ಉದ್ಯಮದವರು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಸ್ಯಾಫ್' ಅಂತಾರೆ. ನಾನೂ ಹಾಗೇ ಕರೀತೀನಿ.

ನೆಲದ ಮೇಲಿನ ಕೆಲಸ ಇದರ ಮುಂದೆ ಏನೇನೂ ಅಲ್ಲ. ಕೊಚ್ಚಿ ವಿಮಾನ ನಿಲ್ದಾಣ 2015ರ ಆಗಸ್ಟ್‌ನಲ್ಲೇ 45 ಎಕರೆಯಲ್ಲಿ 12 ಮೆಗಾವಾಟ್ ಸೋಲಾರ್ ಹಾಕಿ, ಪೂರ್ತಿ ಸೌರಶಕ್ತಿಯ ಮೇಲೆ ನಡೆಯುವ ಜಗತ್ತಿನ ಮೊದಲ ನಿಲ್ದಾಣ ಅನ್ನಿಸಿಕೊಂಡಿತು. ನಮ್ಮ ಕೆಂಪೇಗೌಡ ನಿಲ್ದಾಣವೂ ತನ್ನ ವಿದ್ಯುತ್ತನ್ನು ನವೀಕರಿಸಬಹುದಾದ ಮೂಲಗಳಿಂದಲೇ ಪಡೆಯುವುದಾಗಿ ಹೇಳುತ್ತದೆ. ಒಳ್ಳೆಯದೇ. ಆದರೆ ಅದು ಟರ್ಮಿನಲ್‌ನ ದೀಪ, ಎಸಿ, ಎಸ್ಕಲೇಟರ್ ವಿಷಯ. ರನ್‌ವೇ ಬಿಟ್ಟು ಮೇಲೆದ್ದ ಕ್ಷಣದಿಂದ ಉರಿಯುವುದು ಬೇರೆಯದೇ.

ಎಣ್ಣೆ ಹೇಗೆ ಹಾರುತ್ತೆ?

ಕರಿದ ಎಣ್ಣೆಯನ್ನು ಸೋಸಿ ನೇರ ವಿಮಾನಕ್ಕೆ ಸುರಿಯುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಉಷ್ಣತೆ ಮೈನಸ್ 50 ಡಿಗ್ರಿಗಿಂತಲೂ ಕೆಳಗೆ ಇರುತ್ತದೆ. ನಮ್ಮ ಮನೆಯ ಕೊಬ್ಬರಿ ಎಣ್ಣೆ ಡಿಸೆಂಬರ್ ಬೆಳಗಿನ ಚಳಿಗೇ ಗಟ್ಟಿಯಾಗಿ ಬಾಟಲಿಯಿಂದ ಇಳಿಯಲ್ಲ, ಅಲ್ವಾ? ವಿಮಾನ ಇಂಧನ ಮೈನಸ್ 47 ಡಿಗ್ರಿಯವರೆಗೂ ಹೆಪ್ಪುಗಟ್ಟಬಾರದು ಅಂತ ನಿಯಮ.

ಆದ್ದರಿಂದ ಎಣ್ಣೆಯ ಅಣುವನ್ನೇ ಬಿಚ್ಚಿ ಕಟ್ಟಬೇಕು. ಅಡುಗೆ ಎಣ್ಣೆ ಯಾವುದೇ ಇರಲಿ, ಕಡಲೆಕಾಯಿಯದೋ ಸೂರ್ಯಕಾಂತಿಯದೋ, ಅದರಲ್ಲಿ ಕಾರ್ಬನ್ನು, ಹೈಡ್ರೋಜನ್ನಿನ ಜೊತೆ ಆಮ್ಲಜನಕವೂ ಸೇರಿರುತ್ತದೆ. ವಿಮಾನ ಇಂಧನದಲ್ಲಿ ಆಮ್ಲಜನಕಕ್ಕೆ ಜಾಗವಿಲ್ಲ. ಎಣ್ಣೆಯನ್ನು ಶುದ್ಧೀಕರಿಸಿ, ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿದರೆ ಆಮ್ಲಜನಕ ಬಹುಪಾಲು ನೀರಾಗಿ ಹೊರಬೀಳುತ್ತದೆ. ಉಳಿಯುವುದು ಉದ್ದುದ್ದ ನೇರ ಸರಪಳಿಗಳು, ಒಂಥರಾ ಮೇಣ. ಆ ಸರಪಳಿಗಳನ್ನು ತುಂಡು ಮಾಡಿ, ಅಲ್ಲಲ್ಲಿ ಕವಲೊಡೆಸಿದರೆ ಚಳಿಗೆ ಹೆಪ್ಪುಗಟ್ಟದ ದ್ರವ ಸಿಗುತ್ತದೆ. ಎಂಜಿನ್‌ಗೆ ಅದು ಬಾಂಬೆ ಹೈನಿಂದ ಬಂತೋ ಬೋಂಡಾ ಬಾಣಲೆಯಿಂದ ಬಂತೋ ಗೊತ್ತಾಗುವುದೇ ಇಲ್ಲ.

ಒಂದು ತಮಾಷೆಯ ತೊಡಕು ಮಾತ್ರ ಇದೆ. ಹೀಗೆ ತಯಾರಾದ ಇಂಧನ ಬೇಕಿದ್ದಕ್ಕಿಂತ ಹೆಚ್ಚು ಶುದ್ಧ! ಕಚ್ಚಾ ತೈಲದ ಇಂಧನದಲ್ಲಿ ಅರೋಮ್ಯಾಟಿಕ್ ಅನ್ನುವ ಸಂಯುಕ್ತಗಳು ಇರುತ್ತವೆ. ಹಳೆಯ ವಿಮಾನಗಳ ಇಂಧನ ಕೊಳವೆಯ ರಬ್ಬರ್ ಸೀಲುಗಳು ಅವನ್ನು ಹೀರಿ ಉಬ್ಬಿಕೊಂಡು ಸೋರದಂತೆ ಕೂರುತ್ತವೆ. ಈ ಕಾರಣವೂ ಸೇರಿ, ಈ ಬಗೆಯ ಸ್ಯಾಫ್ ಅನ್ನು ಸಾಮಾನ್ಯ ಇಂಧನದ ಜೊತೆ ಹೆಚ್ಚೆಂದರೆ ಶೇ 50ರಷ್ಟು ಬೆರೆಸಲು ಮಾತ್ರ ಈಗ ಅನುಮತಿ.

ಇಂಗಾಲದ ಲೆಕ್ಕ ಹೇಗೆ? ಬಾಲದಿಂದ ಹೊರಬರುವ ಹೊಗೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಒಂದು ಕಿಲೋ ಇಂಧನ ಉರಿದರೆ ಮೂರು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಂದೇ ಬರುತ್ತದೆ. ವ್ಯತ್ಯಾಸ ಇರುವುದು ಅದು ಎಲ್ಲಿಂದ ಬಂತು ಅನ್ನುವುದರಲ್ಲಿ. ಕಚ್ಚಾ ತೈಲ ಕೋಟ್ಯಂತರ ವರ್ಷ ನೆಲದಡಿ ಮಲಗಿದ್ದ ಇಂಗಾಲ. ಕಡಲೆಕಾಯಿ ಎಣ್ಣೆಯ ಇಂಗಾಲ ಹೋದ ಮಳೆಗಾಲದಲ್ಲಿ ಗಿಡ ಗಾಳಿಯಿಂದ ಎಳೆದುಕೊಂಡದ್ದು. ಸಾಗಣೆ, ಸಂಸ್ಕರಣೆ ಎಲ್ಲ ಸೇರಿಸಿದರೂ, ಬಳಸಿ ಬಿಸಾಡಿದ ಅಡುಗೆ ಎಣ್ಣೆಯಿಂದ ಮಾಡಿದ ಸ್ಯಾಫ್ ಒಟ್ಟಾರೆ ಹೊರಸೂಸುವಿಕೆಯನ್ನು ಶೇ 80ರ ಆಸುಪಾಸು ಇಳಿಸುತ್ತದೆ. 'ಬಳಸಿ ಬಿಸಾಡಿದ' ಅನ್ನುವ ಎರಡು ಪದಗಳನ್ನು ನೆನಪಿಡಿ. ಇಡೀ ಕಥೆ ನಿಂತಿರುವುದು ಅದರ ಮೇಲೆ.

ಇದೆಲ್ಲ ಪ್ರಯೋಗಾಲಯದ ಮಾತೇನಲ್ಲ. 2008ರಲ್ಲಿ ವರ್ಜಿನ್ ಅಟ್ಲಾಂಟಿಕ್ ತನ್ನ ಜಂಬೋ ಜೆಟ್‌ನ ಒಂದು ಎಂಜಿನ್‌ಗೆ ತೆಂಗಿನೆಣ್ಣೆ, ಬಬಾಸು ಎಣ್ಣೆಯ ಇಂಧನ ಬೆರೆಸಿ ಲಂಡನ್ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹಾರಿಸಿತು. 2011ರ ಜೂನ್‌ನಲ್ಲಿ ಕೆಎಲ್ಎಂ ಕರಿದ ಎಣ್ಣೆಯ ಇಂಧನ ಬೆರೆಸಿ 171 ಪ್ರಯಾಣಿಕರನ್ನು ಪ್ಯಾರಿಸ್ಸಿಗೆ ಕರೆದೊಯ್ದಿತು. 2023ರ ನವೆಂಬರ್ 28ರಂದು ವರ್ಜಿನ್‌ನದೇ ಬೋಯಿಂಗ್ 787 ವಿಶೇಷ ಅನುಮತಿ ಪಡೆದು ಪೂರ್ತಿ ಶೇ 100 ಸ್ಯಾಫ್‌ನಲ್ಲಿ ಲಂಡನ್ನಿಂದ ನ್ಯೂಯಾರ್ಕ್‌ಗೆ ಅಟ್ಲಾಂಟಿಕ್ ದಾಟಿತು.

ನಾವೂ ಹಿಂದೆ ಬಿದ್ದಿರಲಿಲ್ಲ. 2018ರ ಆಗಸ್ಟ್ 27ರಂದು ಸ್ಪೈಸ್‌ಜೆಟ್‌ನ ಪುಟ್ಟ ಕ್ಯೂ400 ವಿಮಾನ ಡೆಹ್ರಾಡೂನ್‌ನಿಂದ ದೆಹಲಿಗೆ ಬಂತು. ಅದರಲ್ಲಿ ಶೇ 25 ಜೈವಿಕ ಇಂಧನ. ಛತ್ತೀಸಗಡದಲ್ಲಿ ಬೆಳೆದ ಜಟ್ರೋಫಾ, ಅಂದರೆ ನಮ್ಮ ಕಾಡುಹರಳಿನ ಎಣ್ಣೆಯಿಂದ ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಅದನ್ನು ತಯಾರಿಸಿತ್ತು. ಮರುವರ್ಷ ಗಣರಾಜ್ಯೋತ್ಸವದಲ್ಲಿ ವಾಯುಪಡೆಯ ಎಎನ್-32 ಕೂಡ ಅದೇ ಸಂಸ್ಥೆಯ ಇಂಧನ ಬೆರೆಸಿಕೊಂಡು ರಾಜಪಥದ ಮೇಲೆ ಹಾರಿತು. 2023ರ ಮೇ 19ರಂದು ಪುಣೆಯಿಂದ ದೆಹಲಿಗೆ ಏರ್‌ಏಷ್ಯಾ ಇಂಡಿಯಾ ವಿಮಾನ ದೇಶೀಯ ಸ್ಯಾಫ್ ಬೆರೆಸಿ ಮಾಮೂಲಿ ಪ್ರಯಾಣಿಕರನ್ನು ಒಯ್ದಿತು. ಪ್ರಮಾಣ ಶೇ 1ರಷ್ಟು.

ತಂತ್ರಜ್ಞಾನ ಬಂದು ಹದಿನೈದು ವರ್ಷ ದಾಟಿದೆ. ಆದರೂ 2024ರಲ್ಲಿ ಇಡೀ ಜಗತ್ತು ತಯಾರಿಸಿದ ಸ್ಯಾಫ್ ಸುಮಾರು 10 ಲಕ್ಷ ಟನ್. ವಿಮಾನಗಳು ಕುಡಿದ ಒಟ್ಟು ಇಂಧನದ ಶೇ 0.3.

ಏಳು ಸಾವಿರ ಬಾಣಲೆ

ಯಾಕೆ ಇಷ್ಟು ಕಡಿಮೆ? ಮತ್ತೆ ದೆಹಲಿ ವಿಮಾನಕ್ಕೇ ಬರೋಣ. ಐದೂವರೆ ಟನ್‌ನಲ್ಲಿ ಶೇ 1 ಅಂದರೆ 55 ಕಿಲೋ ಸ್ಯಾಫ್. ಎಣ್ಣೆ ಸಂಸ್ಕರಿಸುವಾಗ ಎಲ್ಲವೂ ವಿಮಾನ ಇಂಧನ ಆಗುವುದಿಲ್ಲ. ಒಂದು ಪಾಲು ಡೀಸೆಲ್, ನಾಫ್ತಾ, ಅನಿಲವಾಗಿ ಹೋಗುತ್ತದೆ. ಹಾಗಾಗಿ 55 ಕಿಲೋಗೆ ಸುಮಾರು 100 ಲೀಟರ್ ಕರಿದ ಎಣ್ಣೆ ಬೇಕು ಅಂತಿಟ್ಟುಕೊಳ್ಳಿ. ನಮ್ಮ ಬೀದಿಯಂಥ ಅಂಗಡಿ ದಿನಕ್ಕೆ 5 ಲೀಟರ್ ಹಳೆ ಎಣ್ಣೆ ಕೊಟ್ಟರೆ, ಒಂದು ವಿಮಾನಕ್ಕೆ 20 ಅಂಗಡಿ. ಅದೂ ಶೇ 1ಕ್ಕೆ!

ಕೆಂಪೇಗೌಡ ನಿಲ್ದಾಣದಲ್ಲಿ ದಿನಕ್ಕೆ 700ಕ್ಕೂ ಹೆಚ್ಚು ವಿಮಾನಗಳ ಏರಿಳಿತ. ಅಂದರೆ ಮೇಲೇಳುವವು ಸುಮಾರು 350. ಕೆಲವು ಹುಬ್ಬಳ್ಳಿಗಷ್ಟೇ ಹೋಗುತ್ತವೆ, ಕೆಲವು ಲಂಡನ್ನಿಗೂ ಹೋಗುತ್ತವೆ. ಸರಾಸರಿ ದೆಹಲಿ ಅಂತಲೇ ಇಟ್ಟುಕೊಂಡರೆ ದಿನಾ 35 ಸಾವಿರ ಲೀಟರ್ ಎಣ್ಣೆ, 7 ಸಾವಿರ ಅಂಗಡಿ. ಪ್ರತಿದಿನ, ಭಾನುವಾರವೂ ಸೇರಿ. ಇದು ನನ್ನ ಕ್ಯಾಲ್ಕುಲೇಟರ್ ಲೆಕ್ಕ, ಸ್ವಲ್ಪ ಆಚೀಚೆ ಆಗಬಹುದು. ಆದರೆ ಕೆಲಸದ ಅಗಾಧತೆ ಗೊತ್ತಾಗಲು ಇಷ್ಟು ಸಾಕು.

ಕೇಂದ್ರ ಸರ್ಕಾರ ಇಟ್ಟುಕೊಂಡಿರುವ ಗುರಿ ಅಂತರರಾಷ್ಟ್ರೀಯ ವಿಮಾನಗಳಿಗೆ ಮಾತ್ರ: 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5. 2027 ಯಾಕೆ ಅಂದರೆ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಇಂಗಾಲ ನಿಯಮಗಳು ಆ ವರ್ಷದಿಂದ ಭಾರತಕ್ಕೂ ಕಡ್ಡಾಯ. ಯುರೋಪ್ ಇನ್ನೂ ಬಿರುಸಾಗಿದೆ. ಅಲ್ಲಿನ ನಿಲ್ದಾಣಗಳಲ್ಲಿ 2025ರಿಂದಲೇ ಶೇ 2 ಕಡ್ಡಾಯ, 2030ಕ್ಕೆ ಶೇ 6, 2050ಕ್ಕೆ ಶೇ 70. ಇಂಡಿಯನ್ ಆಯಿಲ್‌ನ ಪಾಣಿಪತ್ ಸಂಸ್ಕರಣಾಗಾರಕ್ಕೆ 2025ರ ಆಗಸ್ಟ್‌ನಲ್ಲಿ ಕರಿದ ಎಣ್ಣೆಯಿಂದ ಸ್ಯಾಫ್ ಮಾಡಲು ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ವರ್ಷಕ್ಕೆ 35 ಸಾವಿರ ಟನ್ ಅವರ ಯೋಜನೆ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕೂಡ ಡೆಹ್ರಾಡೂನ್ ತಂತ್ರಜ್ಞಾನದ ಚಿಕ್ಕ ಘಟಕವೊಂದರ ಯೋಜನೆ ಪ್ರಕಟಿಸಿದೆ.

ಕಾರ್ಖಾನೆ ಕಟ್ಟಬಹುದು. ದುಡ್ಡು ಹಾಕಿದರೆ ಆಗುತ್ತೆ. ಎಣ್ಣೆ ಎಲ್ಲಿಂದ ತರ್ತೀರಿ?

ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್ಎಸ್ಎಸ್ಎಐ, 2018ರಲ್ಲಿ ಒಂದು ಒಳ್ಳೆಯ ನಿಯಮ ತಂದಿತು. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ 'ಪೋಲಾರ್ ಸಂಯುಕ್ತ'ಗಳು ಹೆಚ್ಚುತ್ತಾ ಹೋಗುತ್ತವೆ. ಅವು ಶೇ 25 ದಾಟಿದರೆ ಆ ಎಣ್ಣೆಯಲ್ಲಿ ಅಡುಗೆ ಮಾಡುವಂತಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಅಂಥ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಇಂಧನ ಮಾಡುವ 'ರುಕೋ' ಯೋಜನೆಯೂ ಶುರುವಾಯಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಹೋಟೆಲುಗಳು ಹಳೆ ಎಣ್ಣೆ ಯಾರಿಗೆ ಕೊಟ್ಟೆವು ಅಂತ ದಾಖಲೆ ಇಡಬೇಕು.

ಇಲ್ಲೇ ನೋಡಿ ನಮ್ಮ ದೇಶದ ವಿಶೇಷ. ಪಾಶ್ಚಾತ್ಯ ದೇಶಗಳಲ್ಲಿ ಹಳೆ ಎಣ್ಣೆ ಕಸ. ನಮ್ಮಲ್ಲಿ ಯಾವುದೂ ಸುಲಭಕ್ಕೆ ಕಸ ಆಗುವುದಿಲ್ಲ. ಮನೆಯಲ್ಲೇ ನೋಡಿ, ಹಬ್ಬಕ್ಕೆ ಚಕ್ಕುಲಿ ಕರಿದ ಎಣ್ಣೆಯನ್ನು ಅಮ್ಮ ಸೋಸಿ ಡಬ್ಬಿಗೆ ಹಾಕಿ, ಒಗ್ಗರಣೆಗೆ, ಪಲ್ಯಕ್ಕೆ ಅಂತ ಮುಗಿಸುತ್ತಾರೆ. ದೊಡ್ಡ ಹೋಟೆಲಿನ ಹಳೆ ಎಣ್ಣೆ ಚಿಕ್ಕ ಅಂಗಡಿಗೆ, ಅಲ್ಲಿಂದ ತಳ್ಳುಗಾಡಿಗೆ ಇಳಿಯುತ್ತಾ ಹೋಗುತ್ತದೆ. ಕೊನೆಗೆ ಅದು ಉಳಿಯುವುದು ಅಗ್ಗದ ತಿಂಡಿ ತಿನ್ನುವವರ ಹೊಟ್ಟೆಯಲ್ಲಿ. ಕಟ್ಟಡ ಕೆಲಸದವರು, ಶಾಲೆ ಬಿಟ್ಟ ಮಕ್ಕಳು, ತಿಂಗಳ ಕೊನೆಯಲ್ಲಿ ನಾವು.

ಹಾಗಾಗಿ ವಿಮಾನ ಕಂಪನಿಗಳು ಆ ಟಿನ್ನಿಗೆ ಒಳ್ಳೆ ಬೆಲೆ ಕೊಟ್ಟು ಒಯ್ದರೆ ಹವಾಮಾನಕ್ಕಿಂತ ಮೊದಲು ಲಾಭ ಆಗುವುದು ಆ ಹೊಟ್ಟೆಗಳಿಗೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಆದರೆ ನಮ್ಮ ಅಂಗಡಿಯವರು ಹೇಳಿದ ಹಾಗೆ, ಗಾಡಿಯವನು ಜಾಸ್ತಿ ಕೊಡುತ್ತಾನೆ. ಅವನಿಗೆ ಹೊಸ ಎಣ್ಣೆಗಿಂತ ಅದು ಅಗ್ಗ, ಕಂಪನಿಯ ದರಕ್ಕಿಂತ ಹೆಚ್ಚು ಕೊಟ್ಟರೂ ಗಿಟ್ಟುತ್ತದೆ.

ದರ ಏರಿಸಿದರೆ ಸರಿಹೋಗುತ್ತಾ? ಅಲ್ಲಿ ಇನ್ನೊಂದು ಗುಂಡಿ ಇದೆ. ಹಳೆ ಎಣ್ಣೆಗೆ ಹೊಸ ಎಣ್ಣೆಗಿಂತ ಹೆಚ್ಚು ಬೆಲೆ ಬಂದರೆ, ಹೊಸ ಎಣ್ಣೆಯನ್ನೇ 'ಹಳೆಯದು' ಅಂತ ಮಾರುವವರು ಹುಟ್ಟಿಕೊಳ್ಳುತ್ತಾರೆ. ಯುರೋಪ್, ಅಮೆರಿಕ ಎರಡೂ ಕಡೆ ಈ ಅನುಮಾನ ದೊಡ್ಡದಾಗಿಯೇ ಎದ್ದಿದೆ. ಏಷ್ಯಾದಿಂದ ಬರುವ 'ಬಳಸಿದ ಎಣ್ಣೆ'ಯಲ್ಲಿ ತಾಜಾ ಪಾಮ್ ಆಯಿಲ್ ಎಷ್ಟು ಸೇರಿದೆ ಅನ್ನುವ ಪ್ರಶ್ನೆಗೆ 2024ರಲ್ಲಿ ಅಮೆರಿಕದ ಪರಿಸರ ಇಲಾಖೆ ಇಂಧನ ತಯಾರಕರ ತಪಾಸಣೆಗೂ ಇಳಿಯಿತು. ಕಾಡು ಕಡಿದು ಬೆಳೆದ ತಾಳೆಯ ಎಣ್ಣೆಯಾದರೆ, ಭೂಮಿಯ ಬದಲಾವಣೆಯನ್ನೂ ಲೆಕ್ಕಕ್ಕೆ ಹಿಡಿದಾಗ ಅದು ಮಾಮೂಲಿ ವಿಮಾನ ಇಂಧನಕ್ಕಿಂತ ಕೆಟ್ಟದ್ದೂ ಆಗಬಹುದು. ನಾವೋ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶ.

ನಾನು ಸಾಫ್ಟ್‌ವೇರ್‌ನವನು, ಹಾಗಾಗಿ ನನಗೆ ಇದು ಡೇಟಾಬೇಸ್ ಸಮಸ್ಯೆಯ ಹಾಗೇ ಕಾಣುತ್ತದೆ. ಮುಂಬೈಯಲ್ಲಿ ಸುರಿದ ಸ್ಯಾಫ್‌ನ ಪುಣ್ಯವನ್ನು ಬೆಂಗಳೂರಿನ ಕಂಪನಿ ದುಡ್ಡು ಕೊಟ್ಟು ತನ್ನ ಹೆಸರಿಗೆ ಬರೆಸಿಕೊಳ್ಳುವ ಪದ್ಧತಿ ಬಂದಿದೆ. ಸಾಗಣೆ ಖರ್ಚು ಉಳಿಯುತ್ತದೆ, ಉಪಾಯ ಚೆನ್ನಾಗಿದೆ. ಆದರೆ ಒಂದೇ ರೆಕಾರ್ಡನ್ನು ಇಬ್ಬರು 'ನಂದು' ಅಂತ ಬರೆದುಕೊಂಡರೆ? ಅದನ್ನು ತಡೆಯುವ ಸಾಫ್ಟ್‌ವೇರ್ ಬರೆಯಬಹುದು, ಕಷ್ಟವೇನಲ್ಲ. ಕಷ್ಟ ಇರುವುದು ಮೊದಲ ಎಂಟ್ರಿಯಲ್ಲಿ. ಟಿನ್ನಿನೊಳಗೆ ಇರುವುದು ನಿಜವಾಗಿ ಏನು ಅಂತ ಬರೆಯುವ ಆ ಮೊದಲ ಕೈಯನ್ನು ಯಾವ ಕೋಡೂ ಪರೀಕ್ಷಿಸಲಾರದು.

ಅಜ್ಜಿಯ ಹೊಂಗೆ ಬೀಜ

ಅಡುಗೆಗೆ ಬಾರದ ಎಣ್ಣೆ ಬಳಸಬಹುದಲ್ಲ ಅಂತ ನೀವು ಕೇಳಬಹುದು. ಕರ್ನಾಟಕ ಇದನ್ನು ಎಲ್ಲರಿಗಿಂತ ಮೊದಲು ಯೋಚಿಸಿತ್ತು ಅನ್ನುವುದು ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಜನರೇಟರ್ ಓಡಿಸಿ ತೋರಿಸಿ ಎರಡು ದಶಕ ದಾಟಿದೆ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ 2007ರಲ್ಲೇ ಶುರುವಾಯಿತು. 2009ರಲ್ಲಿ ರಾಜ್ಯಕ್ಕೆ ಜೈವಿಕ ಇಂಧನ ನೀತಿ ಬಂತು. 'ಬರಡು ಬಂಗಾರ', 'ಹಸಿರು ಹೊನ್ನು' ಅನ್ನುವ ಚಂದದ ಹೆಸರಿನ ಯೋಜನೆಗಳಡಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿಗಳನ್ನು ಬದುವಿನಲ್ಲಿ, ಪಾಳುಭೂಮಿಯಲ್ಲಿ ನೆಡಿಸಿದರು. ಯೋಚನೆ ಅಪ್ಪಟವಾಗಿತ್ತು: ಹೊಲದ ಬೆಳೆಗೆ ಕೈ ಹಾಕದೆ, ಬದುವಿನ ಮರದಿಂದ ಎಣ್ಣೆ. ಉಳಿದ ಹಿಂಡಿ ಗೊಬ್ಬರಕ್ಕೆ.

ನಮ್ಮೂರೂ ಆ ಕಡೆಯದೇ. ಅಜ್ಜಿ ಬೇಸಿಗೆಯಲ್ಲಿ ಹೊಂಗೆ ಕಾಯಿ ಆಯ್ದು, ಬಡಿದು, ಬೀಜ ಬಿಡಿಸಿ, ಸಂತೆಯಲ್ಲಿ ಮಾರಿ ಎಲೆ ಅಡಿಕೆ ದುಡ್ಡು ಮಾಡಿಕೊಳ್ಳುತ್ತಿದ್ದರು. ಈ ಲೇಖನ ಬರೆಯುವಾಗ ಅಮ್ಮನಿಗೆ ಫೋನ್ ಮಾಡಿ ಈಗ ಯಾರು ಆಯ್ತಾರೆ ಅಂತ ಕೇಳಿದೆ.

"ಯಾರೂ ಇಲ್ಲ ಕಣೋ. ದಿನವೆಲ್ಲ ಬಗ್ಗಿ ಆಯ್ದರೂ ಅರ್ಧ ಕೂಲಿ ಗಿಟ್ಟಲ್ಲ. ಕಾಯಿ ಉದುರಿ ಅಲ್ಲೇ ಮಣ್ಣಾಗುತ್ತೆ" ಅಂದರು.

ಅಷ್ಟೇ ನೋಡಿ. ಮರ ಇದೆ, ಎಣ್ಣೆ ಇದೆ, ತಂತ್ರಜ್ಞಾನ ಇದೆ. ಬಗ್ಗಿ ಆಯುವ ಸೊಂಟಕ್ಕೆ ಸಿಗುವ ದುಡ್ಡು ಇಲ್ಲ. ಜಟ್ರೋಫಾದ ಕಥೆ ಇದಕ್ಕಿಂತ ಬೇಸರದ್ದು. 2000ದ ದಶಕದಲ್ಲಿ 'ಬರಡು ನೆಲದಲ್ಲೂ ಬಂಪರ್ ಬೆಳೆ' ಅಂತ ದೇಶದ ತುಂಬ ನೆಡಿಸಿದರು. ನೀರು, ಗೊಬ್ಬರ ಇಲ್ಲದೆ ಅದೂ ಇಳುವರಿ ಕೊಡಲಿಲ್ಲ. ಬಹಳ ರೈತರು ಕಿತ್ತು ಹಾಕಿದರು. ಸ್ಪೈಸ್‌ಜೆಟ್‌ನ ಆ ಹಾರಾಟ ದಿನನಿತ್ಯದ ಹಾರಾಟವಾಗಿ ಮುಂದುವರಿಯದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಕಬ್ಬು? ಎಥೆನಾಲ್‌ನಿಂದಲೂ ವಿಮಾನ ಇಂಧನ ಮಾಡಬಹುದು. ಅಮೆರಿಕದ ಜಾರ್ಜಿಯಾದಲ್ಲಿ ಲಾಂಜಾಜೆಟ್ ಕಂಪನಿಯ ಘಟಕ 2024ರಲ್ಲಿ ಉದ್ಘಾಟನೆಯಾಯಿತು. ಪುಣೆಯ ಪ್ರಾಜ್ ಕಂಪನಿ ಏರ್‌ಏಷ್ಯಾಗೆ ಒದಗಿಸಿದ್ದೂ ಕಬ್ಬಿನ ಕಾಕಂಬಿಯ ಮೂಲದ್ದು. ಬೆಳಗಾವಿ, ಬಾಗಲಕೋಟೆ, ಮಂಡ್ಯದವರಿಗೆ ಇದು ಕಿವಿ ನೆಟ್ಟಗಾಗುವ ಸುದ್ದಿ. ನನಗೆ ಮಾತ್ರ ಸ್ವಲ್ಪ ಹಿಂಜರಿಕೆ. ಒಂದು ಲೀಟರ್ ಸ್ಯಾಫ್‌ಗೆ ಒಂದೂವರೆ ಲೀಟರಿಗೂ ಹೆಚ್ಚು ಎಥೆನಾಲ್ ಬೇಕು. ಅದೇ ಎಥೆನಾಲ್ ಈಗ ಪೆಟ್ರೋಲಿಗೆ ಶೇ 20 ಬೆರೆಯುತ್ತಿದೆ. ಕಾರಿಗೆ ಬ್ಯಾಟರಿ ಇದೆ, ವಿಮಾನಕ್ಕೆ ಇಲ್ಲ. ಹಾಗಾಗಿ ಇರುವ ಎಥೆನಾಲ್ ಕ್ರಮೇಣ ಕಾರಿನಿಂದ ವಿಮಾನಕ್ಕೆ ಹೋಗುವುದಾದರೆ ಒಪ್ಪಬಹುದು. ಅದರ ಹೆಸರಲ್ಲಿ ಇನ್ನಷ್ಟು ಕಬ್ಬು ನೆಡಿಸುವುದಾದರೆ, ಕಾವೇರಿ ನೀರಿಗೆ ಪ್ರತಿ ಬೇಸಿಗೆ ರಸ್ತೆಗಿಳಿಯುವ ರಾಜ್ಯ ನಮ್ಮದು ಅನ್ನುವುದು ನೆನಪಿರಲಿ.

ಬೆಳೆಯ ಹಂಗೇ ಇಲ್ಲದ ಇನ್ನೊಂದು ದಾರಿ ಇದೆ. ಸೋಲಾರ್, ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡುವುದು, ಅದಕ್ಕೆ ಗಾಳಿಯಿಂದಲೋ ಚಿಮಣಿಯಿಂದಲೋ ಹಿಡಿದ ಇಂಗಾಲ ಸೇರಿಸಿ ಎಣ್ಣೆ ಕಟ್ಟುವುದು. ಯುರೋಪ್ 2030ರಿಂದ ಇದಕ್ಕೂ ಒಂದು ಪಾಲು ಕಡ್ಡಾಯ ಮಾಡಿದೆ. ದೂರದ ಉತ್ತರ ಇದೇ ಇರಬಹುದು. ಆದರೆ ಕೊನೆಗೆ ಇಂಧನದಲ್ಲಿ ಸಿಗುವ ಶಕ್ತಿಯ ಎರಡು ಪಟ್ಟಿಗೂ ಹೆಚ್ಚು ವಿದ್ಯುತ್ ಮೊದಲೇ ಸುರಿಯಬೇಕು. ನಮ್ಮ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್, ಸುಮಾರು 13 ಸಾವಿರ ಎಕರೆ, ಗೊತ್ತಲ್ಲ? ಅದರ ವರ್ಷದ ವಿದ್ಯುತ್ತನ್ನೆಲ್ಲ ಇದಕ್ಕೇ ಕೊಟ್ಟರೂ, ವರ್ಷಕ್ಕೆ 80–90 ಲಕ್ಷ ಟನ್ ವಿಮಾನ ಇಂಧನ ಉರಿಸುವ ದೇಶದ ಶೇ 2ನ್ನು ಮುಟ್ಟುವುದು ಕಷ್ಟ. ಇದೂ ನನ್ನದೇ ಲೆಕ್ಕ.

ಟಿಕೆಟ್‌ಗೆ ಎಷ್ಟು?

ಸ್ಯಾಫ್ ದುಬಾರಿ. ಮೂಲ, ತಂತ್ರಜ್ಞಾನ ನೋಡಿಕೊಂಡು ಎರಡು ಪಟ್ಟಿನಿಂದ ಐದು ಪಟ್ಟಿನವರೆಗೂ. ಹಾಗಂತ ಟಿಕೆಟ್ ಅಷ್ಟು ಪಟ್ಟು ಏರಲ್ಲ. ತುಂಬಿದ ದೆಹಲಿ ವಿಮಾನದಲ್ಲಿ ನಿಮ್ಮ ಪಾಲಿನ ಇಂಧನ ಸುಮಾರು 30 ಕಿಲೋ, ಅಂದರೆ 38 ಲೀಟರ್. ಲೀಟರಿಗೆ 90 ರೂಪಾಯಿ, ಸ್ಯಾಫ್ ಮೂರು ಪಟ್ಟು ಅಂತ ಹಿಡಿದರೆ, ಶೇ 1 ಬೆರೆಸಿದಾಗ ತಲೆಗೆ ಹೆಚ್ಚಾಗುವುದು 70 ರೂಪಾಯಿ. ಶೇ 5ಕ್ಕೆ 340 ರೂಪಾಯಿ. ನಿಲ್ದಾಣದಲ್ಲಿ ಒಂದು ಕಾಫಿ, ಒಂದು ಸ್ಯಾಂಡ್‌ವಿಚ್‌ಗೆ ನಾವು ಮರುಮಾತಿಲ್ಲದೆ ಕೊಡುವ ದುಡ್ಡು.

ನನ್ನ ಅಭಿಪ್ರಾಯ ಕೇಳಿದರೆ, ಇದು ಟಿಕ್ ಹಾಕುವವರ ಪುಣ್ಯಕ್ಕೆ ಬಿಡುವ ವಿಷಯವೇ ಅಲ್ಲ. ಹಾರುವ ಎಲ್ಲರಿಂದಲೂ ವಸೂಲಿ ಮಾಡಲಿ. ನಾವು ಹಾರುವವರು ಈ ದೇಶದಲ್ಲಿ ಎಷ್ಟು ಜನ? ಅಷ್ಟು ಕೊಡಲು ಆಗುವವರೇ. ಆ 70 ರೂಪಾಯಿಯಲ್ಲಿ ಬಾಣಲೆಯ ಪಕ್ಕದ ಟಿನ್ನಿಗೆ, ಬದುವಿನ ಹೊಂಗೆ ಕಾಯಿಗೆ ಎಷ್ಟು ತಲುಪಿತು ಅಂತ ಟಿಕೆಟ್ ಮೇಲೇ ಮುದ್ರಿಸಲಿ. ಮತ್ತೆ ಆ 'ಹಸಿರು ಪ್ರಯಾಣ'ದ ಡಬ್ಬಿ? ನಾನು ಟಿಕ್ ಹಾಕುತ್ತಿದ್ದ ವೆಬ್‌ಸೈಟಿನಲ್ಲಿ ಸಣ್ಣಕ್ಷರ ಓದಿ ನೋಡಿದೆ. ಅದು ಎಲ್ಲೋ ಗಿಡ ನೆಡುವ ಯೋಜನೆಗೆ ಹೋಗುತ್ತಿತ್ತು. ಇಂಧನಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮೊನ್ನೆ ಮತ್ತೆ ಬಜ್ಜಿ ಅಂಗಡಿಗೆ ಹೋಗಿದ್ದೆ. ಓದಿದ್ದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಮೈನಸ್ 47 ಡಿಗ್ರಿ ಕೇಳಿ ಅವರು ಕಣ್ಣರಳಿಸಿದರು. "ಕಂಪನಿಯವರಿಗೇ ಕೊಡಿ ಯಜಮಾನ್ರೇ, ಗಾಡಿಯವನಿಗೆ ಬೇಡ" ಅಂದೆ.

ಅವರು ಬಜ್ಜಿಗಳನ್ನು ಪೇಪರ್ ಮೇಲೆ ಹರವುತ್ತಾ, "ಕೊಡ್ತೀನಿ ಸಾರ್, ಅದಕ್ಕೇನಂತೆ" ಅಂದರು. ಆಮೇಲೆ, "ಅವನಿಗೂ ಹೊಸ ಎಣ್ಣೆ ಕೊಳ್ಳೋ ಹಾಗೆ ಯಾರಾದ್ರೂ ಮಾಡ್ಬೇಕಲ್ಲ ಸಾರ್. ಇಲ್ಲಾಂದ್ರೆ ನನ್ನ ಹತ್ರ ಬಿಟ್ಟು ಇನ್ನೊಬ್ಬರ ಹತ್ರ ತಗೊಳ್ತಾನೆ" ಅಂದರು.